ದೂರದ ಊರಿಗೆ ಮನೆಯ ಗಾಡಿ

ಸೀಗಿ ಹುಣ್ಣಿಮೆ ಹತ್ತಿರ ಬಂದರೆ ತುಳಜಾಪುರದ ಅಂಬಾಭವಾನಿ, ಆಷಾಢ ಏಕಾದಶಿಗೆ ಪಂಢರಪುರ, ಯುಗಾದಿಗೆ ಶ್ರೀಶೈಲ, ಭಾರತ ಹುಣ್ಣಿಮೆಗೆ ಸವದತ್ತಿ ಎಲ್ಲಮ್ಮನ ಗುಡ್ಡ, ನಡುವೆ ಹುಣ್ಣಿಮೆಗೊಮ್ಮೆ ಗಾಣಗಾಪುರ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲ್ಲೂಕುಗಳ ಹಳ್ಳಿಗಳಿಂದ ಬೈಕ್ ಮೇಲೆ ದೂರ ಹೋಗುವವರ ಪಂಚಾಂಗ ಇದು. ಶ್ರೀಶೈಲವೊಂದೇ ಇಲ್ಲಿಂದ 350 ಕಿ.ಮೀ.ಗೂ ಹೆಚ್ಚು ದೂರದಲ್ಲಿದೆ. ಅಷ್ಟು ದೂರವನ್ನು ಇವರು ನೂರು ಸಿ.ಸಿ.ಯ ಗಾಡಿಯಲ್ಲಿ, ಹಿಂದೆ ಹೆಂಡತಿಯನ್ನೋ ಗೆಳೆಯನನ್ನೋ ಕೂರಿಸಿಕೊಂಡು, ಹ್ಯಾಂಡಲಿಗೆ ರೊಟ್ಟಿ ಗಂಟು ತೂಗುಹಾಕಿ ಹೋಗಿ ಬರುತ್ತಾರೆ.

ಚರ್ಮದ ಜಾಕೆಟ್ಟು ತೊಟ್ಟು ಲಡಾಖ್‌ಗೆ ಹೊರಟವರ ಫೋಟೊಗಳನ್ನು ನೋಡಿ, ದೂರ ಹೋಗಲು ದೊಡ್ಡ ಗಾಡಿಯೇ ಬೇಕು ಎಂದುಕೊಂಡು ಸಾಲಕ್ಕೆ ಸಹಿ ಹಾಕುವ ಹುಡುಗರು ಈಗ ಪ್ರತಿ ಊರಲ್ಲೂ ಸಿಗುತ್ತಾರೆ. ಅವರಿಗೂ, ವರ್ಷಕ್ಕೊಮ್ಮೆ ಜಾತ್ರೆಗೆ ಹೊರಡುವ ಅವರ ಅಪ್ಪಂದಿರಿಗೂ ಹೇಳಬೇಕಾದದ್ದು ಒಂದೇ: ಮನೆಯ ಮುಂದೆ ನಿಂತಿರುವ ಗಾಡಿಯೇ ಸಾಕು. ಆದರೆ ಅದನ್ನು ದೂರಕ್ಕೆ ಅಣಿಗೊಳಿಸಬೇಕು, ಅದರಿಂದ ಏನು ಆಗುವುದಿಲ್ಲ ಎಂಬುದನ್ನು ತಿಳಿದಿರಬೇಕು.

ಮಾರಲು ಮನಸ್ಸು ಬಾರದ ಗಾಡಿಗಳು

ಗಾಡಿಯ ಮೇಲಿನ ಪ್ರೀತಿಗೆ ಕರ್ನಾಟಕದಲ್ಲಿ ದೊಡ್ಡ ಉದಾಹರಣೆ ಮೈಸೂರಿನದು. ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಉತ್ಪಾದನೆ ಶುರು ಮಾಡಿತು. ಚೆಕೊಸ್ಲೊವಾಕಿಯಾದ ಜಾವಾ ಕಂಪನಿಯ ಪರವಾನಗಿಯಲ್ಲಿ ಅಲ್ಲಿ ತಯಾರಾದ 250 ಸಿ.ಸಿ.ಯ ಎರಡು ಸೈಲೆನ್ಸರ್‌ಗಳ ಗಾಡಿಗೆ 1973ರಿಂದ ಯೆಜ್ಡಿ ಎಂದು ಹೆಸರಾಯಿತು. 1978ರಲ್ಲಿ ರೋಡ್‌ಕಿಂಗ್ ಬಂತು. ಕಿಕ್ಕರನ್ನೇ ತಿರುಗಿಸಿ ಗೇರಿನ ಲಿವರ್ ಮಾಡಿಕೊಳ್ಳುವ ಅದರ ವ್ಯವಸ್ಥೆ ಬೇರೆ ಯಾವ ಗಾಡಿಯ ಸವಾರನಿಗೂ ಮೊದಲ ಸಲಕ್ಕೆ ಒಗ್ಗುತ್ತಿರಲಿಲ್ಲ. 1996ರಲ್ಲಿ ಕಾರ್ಖಾನೆ ಮುಚ್ಚಿತು. ಕಂಪನಿಯೇ ಇಲ್ಲದ ಗಾಡಿಯನ್ನು ಜನ ಮುಂದಿನ ಇಪ್ಪತ್ತೆರಡು ವರ್ಷ ಓಡಿಸಿದರು. ಗುಜರಿ ಅಂಗಡಿಗಳಲ್ಲಿ ಪಿಸ್ಟನ್ ಹುಡುಕಿದರು, ಲೇಥ್ ಮೇಲೆ ಬುಷ್ ಕಡೆಸಿದರು, ಒಬ್ಬರಿಗೊಬ್ಬರು ಬಿಡಿಭಾಗ ಹಂಚಿಕೊಂಡರು. ಜುಲೈ ತಿಂಗಳ ಎರಡನೇ ಭಾನುವಾರವನ್ನು ಜಾವಾ–ಯೆಜ್ಡಿ ದಿನವೆಂದು ಬೆಂಗಳೂರು, ಮೈಸೂರುಗಳಲ್ಲಿ ಇಂದಿಗೂ ಆಚರಿಸುತ್ತಾರೆ. ಜಾವಾ ಹೆಸರು 2018ರಲ್ಲಿ, ಯೆಜ್ಡಿ ಹೆಸರು 2022ರಲ್ಲಿ ಮಾರುಕಟ್ಟೆಗೆ ಮರಳಿ ಬಂದದ್ದಕ್ಕೆ ಈ ಸವಾರರ ಹಟವೇ ಮುಖ್ಯ ಕಾರಣ ಎಂದು ನಾನು ನಂಬುತ್ತೇನೆ. ಹೊಸವು ಫೋರ್ ಸ್ಟ್ರೋಕ್ ಎಂಜಿನ್ನಿನವು. ಹಳೆಯ ಟೂ ಸ್ಟ್ರೋಕಿನ ಡಬ್ ಡಬ್ ಸದ್ದು ಅವುಗಳಲ್ಲಿಲ್ಲ.

ಬುಲೆಟ್ಟಿನ ಕತೆ ಎಲ್ಲರಿಗೂ ಗೊತ್ತಿರುವಂಥದ್ದು. 1985ರಿಂದ 1996ರವರೆಗೆ ತಯಾರಾದ ಯಮಹಾ ಆರ್‌ಎಕ್ಸ್ 100 ಗಾಡಿಗೆ ಇಂದಿಗೂ ಒಳ್ಳೆಯ ಬೆಲೆ ಇದೆ. ಆದರೆ ನಮ್ಮ ನಾಲ್ಕು ತಾಲ್ಲೂಕುಗಳನ್ನು ನಿಜವಾಗಿ ಬದಲಿಸಿದ್ದು 1985ರಲ್ಲಿ ಬಂದ ಹೀರೊ ಹೋಂಡಾ ಸಿಡಿ 100, ಆಮೇಲೆ 1994ರಲ್ಲಿ ಬಂದ ಸ್ಪ್ಲೆಂಡರ್. ಬಸ್ಸು ದಿನಕ್ಕೆ ಎರಡೇ ಸಲ ಬರುತ್ತಿದ್ದ ಹಳ್ಳಿಗಳಿಗೆ ತಾಲ್ಲೂಕಿನ ಆಸ್ಪತ್ರೆ, ಎಪಿಎಂಸಿ, ಕಾಲೇಜು ಹತ್ತಿರ ಬಂದದ್ದು ಈ ಗಾಡಿಗಳಿಂದ. ವಾರವಿಡೀ ಹಾಲಿನ ಕ್ಯಾನು, ಮೇವಿನ ಹೊರೆ, ಬೀಜದ ಚೀಲ ಹೊತ್ತದ್ದೇ ಭಾನುವಾರ ಬೀಗರ ಊರಿಗೂ ಹೋಗುತ್ತದೆ. ಮಹಾನವಮಿಯ ದಿನ ಅದನ್ನು ತೊಳೆದು, ಚೆಂಡು ಹೂವಿನ ಮಾಲೆ ಹಾಕಿ, ಗಾಲಿಯ ಕೆಳಗೆ ನಿಂಬೆಹಣ್ಣಿಟ್ಟು ಪೂಜೆ ಮಾಡುತ್ತಾರೆ. ನಿಂಬೆಹಣ್ಣಿಗೆ ಇಲ್ಲೇನು ಬರ. ಇಂಡಿಯ ಲಿಂಬೆಗೆ ಭೌಗೋಳಿಕ ಗುರುತಿನ ಮಾನ್ಯತೆಯೇ ಸಿಕ್ಕಿದೆ. “ಇದನ್ನ ಮಾರೂದಿಲ್ರಿ, ನಮ್ಮಪ್ಪ ತಂದ ಗಾಡಿ” ಎನ್ನುವ ಮಾತು ಇಲ್ಲಿನ ಯಾವ ಗ್ಯಾರೇಜಿನಲ್ಲೂ ಕೇಳಸಿಗುತ್ತದೆ.

ಈ ಪ್ರೀತಿಗೆ ಲೆಕ್ಕಾಚಾರದ ಕಾರಣವೂ ಇದೆ. ನೂರು ಸಿ.ಸಿ. ಗಾಡಿಯ ಕ್ಲಚ್ ಕೇಬಲ್ಲು ಆಲಮೇಲದಲ್ಲೂ ಸಿಗುತ್ತದೆ, ನಾಲತವಾಡದಲ್ಲೂ ಸಿಗುತ್ತದೆ. ಬೇವಿನ ಮರದ ಕೆಳಗೆ ಕುಳಿತ ಮಿಸ್ತ್ರಿ ಎರಡು ಪಾನಾ, ಒಂದು ಸ್ಕ್ರೂಡ್ರೈವರ್ ಹಿಡಿದು ಕಾರ್ಬುರೇಟರ್ ಬಿಚ್ಚಿ ತೊಳೆದು ಕೂರಿಸುತ್ತಾನೆ. ಸ್ಪ್ಲೆಂಡರಿನ ಟ್ಯಾಂಕಿಗೆ ಒಂಬತ್ತೂವರೆ ಲೀಟರಿಗಿಂತ ಹೆಚ್ಚು ಪೆಟ್ರೋಲು ಹಿಡಿಸುತ್ತದೆ. ಲೀಟರಿಗೆ 55–60 ಕಿ.ಮೀ. ಎಂದುಕೊಂಡರೂ ಒಂದು ಸಲ ತುಂಬಿಸಿ 500 ಕಿ.ಮೀ. ಹೋಗಬಹುದು. ದೂರದ ಪ್ರಯಾಣಕ್ಕೆ ಗಾಡಿಯ ವೇಗಕ್ಕಿಂತ ಈ ಮೂರು ಗುಣಗಳು ದೊಡ್ಡವು: ಕೆಟ್ಟರೆ ರಿಪೇರಿ ಆಗಬೇಕು, ಭಾಗ ಸಿಗಬೇಕು, ಪೆಟ್ರೋಲು ಸಾಲಬೇಕು. ಮೊನ್ನೆ ಮೊನ್ನೆ ಬಂದ ದುಬಾರಿ ಗಾಡಿಯ ಸೆನ್ಸರ್ ಕೈಕೊಟ್ಟರೆ ಅದನ್ನು ಟೆಂಪೊದಲ್ಲಿ ಹೇರಿ ವಿಜಯಪುರಕ್ಕೋ ಸೊಲ್ಲಾಪುರಕ್ಕೋ ಒಯ್ಯಬೇಕಾಗುತ್ತದೆ.

ಮಿಸ್ತ್ರಿಯ ಹತ್ತಿರ ಏನೇನು ನೋಡಿಸಬೇಕು

ಸಿಡಿ 100ರ ಹಳೆಯ ಜಾಹೀರಾತು ಪೆಟ್ರೋಲು ತುಂಬಿಸಿ ಮುಚ್ಚಳ ಹಾಕಿ ಮರೆತುಬಿಡಿ ಎಂದು ಹೇಳುತ್ತಿತ್ತು. ಆ ಮಾತನ್ನು ನಮ್ಮ ಜನ ತುಂಬ ನಂಬಿಬಿಟ್ಟರು. ದಿನಾ ಹೊಲಕ್ಕೆ ಹೋಗಿ ಬರುವಾಗ ಸಣ್ಣ ಕೊರತೆಗಳು ಕಾಣುವುದಿಲ್ಲ. ಸತತ ಆರು ತಾಸು ಓಡಿದಾಗ ಅವೆಲ್ಲ ಒಟ್ಟಿಗೆ ಎದ್ದು ನಿಲ್ಲುತ್ತವೆ. ಬಾಗೇವಾಡಿಯ ಜಾನುವಾರು ಜಾತ್ರೆಯಲ್ಲಿ ಎತ್ತಿನ ಹಲ್ಲು, ಗೊರಸು, ಸುಳಿ ನೋಡುವ ಕಣ್ಣಿನಲ್ಲೇ ಗಾಡಿಯನ್ನೂ ನೋಡಬೇಕು.

ಮೊದಲು ಟೈರು. ಬದಿಯ ಗೋಡೆಯ ಮೇಲೆ ನಾಲ್ಕು ಅಂಕಿಗಳ ಒಂದು ಗುರುತು ಇರುತ್ತದೆ. 2319 ಎಂದಿದ್ದರೆ ಅದು 2019ರ 23ನೇ ವಾರದಲ್ಲಿ ತಯಾರಾದದ್ದು. ಗೆರೆಗಳು ಸವೆಯದೆ ಹಾಗೇ ಇದ್ದರೂ ಆರೇಳು ವರ್ಷ ಬಿಸಿಲುಂಡ ರಬ್ಬರು ಗಟ್ಟಿಯಾಗಿ ಸಣ್ಣಗೆ ಬಿರುಕು ಬಿಟ್ಟಿರುತ್ತದೆ. ನಮ್ಮ ಬೇಸಿಗೆಯಲ್ಲಿ ಅದು ಇನ್ನೂ ಬೇಗ ಆಗುತ್ತದೆ. ಅಂಥ ಟೈರನ್ನು ಊರೊಳಗೆ ಹೇಗೋ ಸವೆಸಬಹುದು, ದೂರಕ್ಕೆ ಬೇಡ. ಟೈರಿನ ಗೆರೆಗಳ ನಡುವೆ ಸಣ್ಣ ಉಬ್ಬುಗಳಿರುತ್ತವೆ. ಟೈರು ಸವೆದು ಆ ಉಬ್ಬಿಗೆ ಸಮನಾಗಿದ್ದರೆ ಅದರ ಆಯುಷ್ಯ ಮುಗಿದಂತೆ. ಹವಾ ಹೊಡೆಸುವುದು ಬೆಳಿಗ್ಗೆ ಗಾಡಿ ತಣ್ಣಗಿರುವಾಗಲೇ. ಒಬ್ಬರಿದ್ದಾಗ ಎಷ್ಟು, ಇಬ್ಬರಿದ್ದಾಗ ಎಷ್ಟು ಎಂಬುದು ಚೈನ್ ಕವರಿನ ಮೇಲೋ ಗಾಡಿಯ ಪುಸ್ತಕದಲ್ಲೋ ಇದೆ. ಇಬ್ಬರು ಕೂರುವಾಗ ಹಿಂದಿನ ಗಾಲಿಗೆ ಹೆಚ್ಚು ಹವಾ ಬೇಕು. ಬಹಳ ಜನ ಇದನ್ನು ಬಿಡುತ್ತಾರೆ, ಆಮೇಲೆ ಟ್ಯೂಬು ಕಚ್ಚಿ ಪಂಚರ್ ಆದಾಗ ರಸ್ತೆಯನ್ನು ಬೈಯುತ್ತಾರೆ. ಕಡ್ಡಿಗಾಲಿಯ ಗಾಡಿಯಾಗಿದ್ದರೆ ಒಂದು ಹೊಸ ಟ್ಯೂಬು, ಎರಡು ಟಾಮಿ, ಸೈಕಲ್ಲಿಗೆ ಹೊಡೆಯುವ ಪಂಪು ಜೊತೆಗಿರಲಿ. ಹಾಗೆಯೇ ಕಡ್ಡಿಗಳನ್ನು ಒಂದೊಂದಾಗಿ ಪಾನಾದಿಂದ ತಟ್ಟಿ ನೋಡಿಸಿ. ಸಡಿಲಾದದ್ದರ ಸದ್ದು ಮಂದವಾಗಿ ಕೇಳುತ್ತದೆ.

ಚೈನು ಕೆಳಭಾಗದ ನಡುವೆ ಎರಡರಿಂದ ಮೂರು ಸೆಂ.ಮೀ. ಆಡಬೇಕು. ಅದಕ್ಕಿಂತ ಬಿಗಿ ಮಾಡಿದರೆ ಬೇರಿಂಗು ಹೋಗುತ್ತದೆ, ಸಡಿಲ ಬಿಟ್ಟರೆ ಚೈನು ಜಿಗಿಯುತ್ತದೆ. ಇಬ್ಬರು ಕೂತಾಗ ಚೈನು ಇನ್ನಷ್ಟು ಬಿಗಿಯುತ್ತದೆ ಎಂಬುದು ನೆನಪಿರಲಿ. ಹಲ್ಲುಗಳು ಕೊಕ್ಕೆಯಂತೆ ಬಾಗಿದ್ದರೆ ಚೈನೊಂದನ್ನೇ ಬದಲಿಸುವುದು ದುಡ್ಡು ಹಾಳು. ಎರಡು ಸ್ಪ್ರಾಕೆಟ್ ಮತ್ತು ಚೈನು ಮೂರನ್ನೂ ಒಟ್ಟಿಗೆ ಹಾಕಿಸಿ. ಎಂಜಿನ್ ಆಯಿಲ್ ಬದಲಿಸಬೇಕಾದ ಕಿಲೊಮೀಟರು ಪ್ರಯಾಣದ ನಡುವೆ ಬರುವಂತಿದ್ದರೆ ಹೊರಡುವ ಮೊದಲೇ ಬದಲಿಸಿ. ಏರ್ ಫಿಲ್ಟರನ್ನು ತಪ್ಪದೆ ತೆಗೆಸಿ ನೋಡಿ. ಎರಿ ಹೊಲದ ಧೂಳು ನುಣ್ಣನೆಯ ಪುಡಿ, ಅದು ಫಿಲ್ಟರಿನಲ್ಲಿ ಕಟ್ಟಿಕೊಂಡು ಗಾಡಿ ಪೆಟ್ರೋಲು ಕುಡಿಯತೊಡಗುತ್ತದೆ.

ಬ್ರೇಕಿನ ವಿಷಯದಲ್ಲಿ ಹಳೆಯ ಗಾಡಿಯವರು ತಮ್ಮ ಜೊತೆ ತಾವು ಸತ್ಯ ಹೇಳಿಕೊಳ್ಳಬೇಕು. 2019ರ ಏಪ್ರಿಲ್‌ನಿಂದ 125 ಸಿ.ಸಿ.ಗಿಂತ ದೊಡ್ಡ ಗಾಡಿಗಳಿಗೆ ಎಬಿಎಸ್, ಅದಕ್ಕಿಂತ ಸಣ್ಣವಕ್ಕೆ ಎರಡೂ ಗಾಲಿಯನ್ನು ಒಟ್ಟಿಗೆ ಹಿಡಿಯುವ ಬ್ರೇಕ್ ಕಡ್ಡಾಯವಾಯಿತು. ಅದಕ್ಕೂ ಮೊದಲಿನ ಬಹುಪಾಲು ಗಾಡಿಗಳಲ್ಲಿ ಈ ಎರಡೂ ಇಲ್ಲ, ನೂರು ಸಿ.ಸಿ.ಯವಕ್ಕೆ ಸಾಮಾನ್ಯವಾಗಿ ಎರಡೂ ಕಡೆ ಡ್ರಮ್ ಬ್ರೇಕು. ಇಬ್ಬರು, ಮೇಲೊಂದು ಗಂಟು ಇದ್ದಾಗ ಅಂಥ ಗಾಡಿ ನಿಲ್ಲಲು ನೀವು ಎಣಿಸಿದ್ದಕ್ಕಿಂತ ಹೆಚ್ಚು ಜಾಗ ಬೇಕು. ಬ್ರೇಕ್ ಶೂ ಅರ್ಧ ಸವೆದಿದ್ದರೂ ಬದಲಿಸಿ. ಮುಂದಿನ ಬ್ರೇಕ್ ಹಿಡಿದರೆ ಪಲ್ಟಿಯಾಗುತ್ತದೆ ಎಂದು ಹಿಂದಿನದನ್ನೇ ತುಳಿಯುವ ಅಭ್ಯಾಸ ನಮ್ಮಲ್ಲಿ ಬೇರೂರಿದೆ. ಗಾಡಿ ನೇರವಾಗಿದ್ದಾಗ ಎರಡನ್ನೂ ಹದವಾಗಿ ಒಟ್ಟಿಗೆ ಹಿಡಿಯುವುದನ್ನು ಖಾಲಿ ರಸ್ತೆಯಲ್ಲಿ ನಾಲ್ಕು ದಿನ ರೂಢಿ ಮಾಡಿಕೊಳ್ಳಿ. ಇದು ಜೀವ ಉಳಿಸುವ ರೂಢಿ.

ಯೆಜ್ಡಿ, ಆರ್‌ಎಕ್ಸ್ ಇಟ್ಟುಕೊಂಡವರಿಗೆ ಒಂದೆರಡು ಹೆಚ್ಚಿನ ಮಾತು. ಯೆಜ್ಡಿಯಲ್ಲಿ ಟೂ ಟಿ ಆಯಿಲನ್ನು ಪೆಟ್ರೋಲಿನಲ್ಲೇ ಬೆರೆಸಬೇಕು, ಆರ್‌ಎಕ್ಸ್‌ನಲ್ಲಿ ಅದಕ್ಕೆ ಬೇರೆ ಟ್ಯಾಂಕಿದೆ. ಎಲ್ಲ ಬಂಕುಗಳಲ್ಲೂ ಈಗ ಟೂ ಟಿ ಸಿಗುವುದಿಲ್ಲ, ಮನೆಯಿಂದಲೇ ಒಂದು ಬಾಟಲಿ ಒಯ್ಯಿರಿ. ಘಾಟಿನ ಇಳಿಜಾರಿನಲ್ಲಿ ಎಕ್ಸಲೇಟರ್ ಪೂರ್ತಿ ಮುಚ್ಚಿ ಗೇರಿನಲ್ಲೇ ಬಹಳ ಹೊತ್ತು ಇಳಿದರೆ ಪಿಸ್ಟನ್ನಿಗೆ ಆಯಿಲು ತಲುಪುವುದಿಲ್ಲ. ನಡುನಡುವೆ ಸ್ವಲ್ಪ ರೇಸ್ ಕೊಡುತ್ತಿರಬೇಕು. ಎರಡು ಪ್ಲಗ್ಗು, ಒಂದು ಜೊತೆ ಪಾಯಿಂಟ್ ಜೇಬಿನಲ್ಲಿರಲಿ.

ಇನ್ನು ಪೆಟ್ರೋಲು. ಈಗ ಬಂಕುಗಳಲ್ಲಿ ಬರುತ್ತಿರುವುದರಲ್ಲಿ ನೂರಕ್ಕೆ 20ರಷ್ಟು ಎಥೆನಾಲ್ ಇದೆ. ನಮ್ಮ ಹೊಲದ ಕಬ್ಬಿನಿಂದಲೂ ಅದು ತಯಾರಾಗುತ್ತದೆ, ಅದಕ್ಕೆ ಯಾರ ತಕರಾರೂ ಇಲ್ಲ. ಆದರೆ ಹಳೆಯ ಗಾಡಿಗಳ ರಬ್ಬರು ಪೈಪು, ಕಾರ್ಬುರೇಟರಿನ ವಾಶರುಗಳನ್ನು ಈ ಮಿಶ್ರಣಕ್ಕೆಂದು ಮಾಡಿದ್ದಲ್ಲ. ಪೈಪು ಮೆತ್ತಗಾಗಿದ್ದರೆ, ಊದಿದ್ದರೆ ಬದಲಿಸಿಬಿಡಿ. ಅದು ಹೆಚ್ಚಿನ ಖರ್ಚಿನ ಕೆಲಸವಲ್ಲ. ಎಥೆನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುವುದರಿಂದ ತಿಂಗಳುಗಟ್ಟಲೆ ನಿಂತ ಗಾಡಿಯ ಟ್ಯಾಂಕನ್ನು ಖಾಲಿ ಮಾಡಿಸಿ ಹೊಸ ಪೆಟ್ರೋಲು ಹಾಕಿಸಿಯೇ ದೂರಕ್ಕೆ ಹೊರಡಿ. ಮೈಲೇಜು ಮೊದಲಿಗಿಂತ ಸ್ವಲ್ಪ ಇಳಿಯುತ್ತದೆ, ಲೆಕ್ಕ ಹಾಕುವಾಗ ಅದನ್ನೂ ಸೇರಿಸಿ.

ಹೊರೆ

1952ರಲ್ಲಿ ಎರ್ನೆಸ್ಟೊ ಗುವಾರ ಎಂಬ ವೈದ್ಯಕೀಯ ವಿದ್ಯಾರ್ಥಿ ಗೆಳೆಯ ಆಲ್ಬರ್ಟೊ ಗ್ರನಾಡೊ ಜೊತೆ ಅರ್ಜೆಂಟೀನಾದಿಂದ ದಕ್ಷಿಣ ಅಮೆರಿಕ ಸುತ್ತಲು ಹೊರಟ. ಮುಂದೆ ಚೆ ಎಂದು ಜಗತ್ತಿಗೆ ಪರಿಚಿತನಾದವನು ಆತನೇ. ಗ್ರನಾಡೊನ ಹಳೆಯ 500 ಸಿ.ಸಿ. ನಾರ್ಟನ್ ಗಾಡಿಗೆ ಅವರು ಪ್ರೀತಿಯಿಂದ ‘ಬಲಶಾಲಿ’ ಎಂಬರ್ಥದ ಹೆಸರಿಟ್ಟಿದ್ದರು, ಅದರ ಮೇಲೆ ವಿಪರೀತ ಸಾಮಾನು ಹೇರಿದ್ದರು. ಬಿದ್ದು ಎದ್ದು ಸಾಗಿದ ಆ ಗಾಡಿ ಚಿಲಿಯಲ್ಲಿ ಪ್ರಾಣ ಬಿಟ್ಟಿತು, ಉಳಿದ ದಾರಿಯನ್ನು ಅವರು ನಡೆದು, ಸಿಕ್ಕ ಲಾರಿ ಹತ್ತಿ ಮುಗಿಸಬೇಕಾಯಿತು.

ಐನೂರು ಸಿ.ಸಿ.ಗೇ ಆ ಗತಿಯಾದರೆ ನೂರಕ್ಕೆ ಎಷ್ಟು ಹೇರಬೇಕು ಎಂಬುದನ್ನು ಯೋಚಿಸಬೇಕು. ಇಬ್ಬರು ದೊಡ್ಡವರು ಕೂತರೆ ಆ ಗಾಡಿಯ ಮಿತಿ ಬಹುಪಾಲು ಮುಗಿದಂತೆ. ಬಟ್ಟೆಯ ಚೀಲ ಒಂದೇ ಸಾಕು. ಅದನ್ನು ಕ್ಯಾರಿಯರ್ ಮೇಲೆ ಎತ್ತರಕ್ಕೆ ಕಟ್ಟುವುದಕ್ಕಿಂತ ಇಬ್ಬದಿಗೆ ಸಮವಾಗಿ ಇಳಿಬಿಡುವುದು ಒಳ್ಳೆಯದು. ತೂಕ ಕೆಳಗಿದ್ದಷ್ಟು ಗಾಡಿ ತೊನೆಯುವುದಿಲ್ಲ. ಹ್ಯಾಂಡಲಿಗೆ ಏನನ್ನೂ ತೂಗುಹಾಕಬೇಡಿ. ರೊಟ್ಟಿ ಗಂಟನ್ನೂ ಸಹ.

ಹಿಂದೆ ಕೂರುವ ಹೆಣ್ಣುಮಕ್ಕಳ ಬಗ್ಗೆ ಯಾರೂ ಬರೆಯುವುದಿಲ್ಲ, ಆದರೆ ನಮ್ಮ ಕಡೆಯ ದೂರ ಪ್ರಯಾಣದಲ್ಲಿ ಅರ್ಧ ಜನ ಅವರೇ. ಸೀರೆಯ ಸೆರಗು, ಚೂಡಿದಾರದ ವೇಲು ಗಾಲಿಗೆ ಸಿಕ್ಕಿ ಆಗುವ ಅನಾಹುತಗಳು ಒಂದೆರಡಲ್ಲ. ಹಿಂದೆ ಕೂರುವವರಿಗೆ ಹಿಡಿ, ಪಾದವಿಡುವ ಜಾಗ, ಗಾಲಿಗೆ ಸೀರೆ ಗಾರ್ಡ್ ಇರಲೇಬೇಕು ಎಂದು ಕೇಂದ್ರ ಮೋಟಾರು ವಾಹನ ನಿಯಮ 123 ಹೇಳುತ್ತದೆ. ಚಂದ ಕಾಣುವುದಿಲ್ಲವೆಂದು ಅದನ್ನು ಬಿಚ್ಚಿಸಿ ಎಸೆದವರು ಪ್ರಯಾಣಕ್ಕೆ ಮೊದಲು ಮತ್ತೆ ಹಾಕಿಸಿ. ಒಂದು ಬದಿಗೆ ಕೂತು ನಾಲ್ಕು ತಾಸು ಹೋಗುವುದು ಅವರ ಸೊಂಟಕ್ಕೂ ಕಷ್ಟ, ಗಾಡಿಯ ತೂಕವೂ ಒಂದೇ ಕಡೆ ವಾಲುತ್ತದೆ. ಸಾಧ್ಯವಿದ್ದವರು ಎರಡೂ ಕಡೆ ಕಾಲು ಹಾಕಿ ಕೂರುವ ಉಡುಪು ತೊಡಲಿ. ಒಂಬತ್ತು ತಿಂಗಳಿಂದ ನಾಲ್ಕು ವರ್ಷದೊಳಗಿನ ಕೂಸು ಜೊತೆಗಿದ್ದರೆ ಅದಕ್ಕೆ ಹೆಲ್ಮೆಟ್ಟು, ಸವಾರನಿಗೆ ಬಿಗಿಯುವ ಪಟ್ಟಿ, ಗಂಟೆಗೆ 40 ಕಿ.ಮೀ. ಮೀರದ ವೇಗ ಕಡ್ಡಾಯವೆಂದು 2022ರಲ್ಲಿ ನಿಯಮವಾಗಿದೆ. ನನ್ನ ಕೇಳಿದರೆ ಅಷ್ಟು ಸಣ್ಣ ಕೂಸಿನ ಜೊತೆ ಬಸ್ಸೇ ಸರಿ.

ಮೊದಲು ನಮ್ಮ ಸುತ್ತಲೇ ಒಂದು ಸುತ್ತು

ಶ್ರೀಶೈಲಕ್ಕೋ ಗೋವೆಗೋ ಹೊರಡುವ ಮೊದಲು ಈ ನಾಲ್ಕು ತಾಲ್ಲೂಕುಗಳನ್ನು ಒಂದು ದಿನದಲ್ಲಿ ಸುತ್ತಿ ಬನ್ನಿ. ಇಂಡಿಯಿಂದ ಆಲಮೇಲದ ಮೇಲೆ ಸಿಂದಗಿ, ಅಲ್ಲಿಂದ ರಾಷ್ಟ್ರೀಯ ಹೆದ್ದಾರಿ 50 ಹಿಡಿದು ದೇವರ ಹಿಪ್ಪರಗಿ, ಒಳದಾರಿಯಲ್ಲಿ ತಾಳಿಕೋಟಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಮನಗೂಳಿಯ ಹತ್ತಿರ ಮತ್ತೆ ಹೆದ್ದಾರಿ ಸೇರಿ ವಿಜಯಪುರ, ಕೊನೆಗೆ ಇಂಡಿ. ಎಲ್ಲ ಸೇರಿ ಸುಮಾರು 300 ಕಿ.ಮೀ. ನೀವು ಯಾವ ಊರಿನವರೋ ಅಲ್ಲಿಂದ ಶುರು ಮಾಡಿದರಾಯಿತು. ಗಾಡಿಯಲ್ಲಿ ಏನಾದರೂ ಕುಂದಿದ್ದರೆ ಈ ಸುತ್ತಿನಲ್ಲೇ ಹೊರಬೀಳುತ್ತದೆ, ಅದೂ ನಿಮ್ಮ ಪರಿಚಯದವರಿರುವ ಊರುಗಳ ನಡುವೆ. ನೂರು ಸಿ.ಸಿ. ಎಂಜಿನ್ನಿಗೆ 50–55ರ ವೇಗ ಹದವಾದದ್ದು. ಆ ವೇಗದಲ್ಲಿ ದಿನಕ್ಕೆ 250ರಿಂದ 300 ಕಿ.ಮೀ. ದಾಟದಿರುವುದು ಲೇಸು.

ನೋಡುವುದಕ್ಕೂ ದಾರಿಯಲ್ಲಿ ಕೊರತೆಯಿಲ್ಲ. ಇಂಡಿ ಪಕ್ಕದ ಸಾಲೋಟಗಿಯಲ್ಲಿ ರಾಷ್ಟ್ರಕೂಟ ಮೂರನೇ ಕೃಷ್ಣನ ಕಾಲಕ್ಕೆ ದೊಡ್ಡ ವಿದ್ಯಾಕೇಂದ್ರವಿತ್ತು. ನಾನಾ ಜನಪದಗಳಿಂದ ವಿದ್ಯಾರ್ಥಿಗಳು ಅಲ್ಲಿಗೆ ಬರುತ್ತಿದ್ದರೆಂದು 945ರ ಶಾಸನ ಹೇಳುತ್ತದೆ. ದೇವರ ಹಿಪ್ಪರಗಿಯಲ್ಲಿ ಕುದುರೆಯೇರಿದ ದೈವ ರಾವುತರಾಯ ಮಲ್ಲಯ್ಯನ ಗುಡಿಯಿದೆ. ಮಡಿವಾಳ ಮಾಚಯ್ಯನ ಊರೂ ಅದೇ. 1565ರ ಯುದ್ಧದಿಂದ ತಾಳಿಕೋಟಿಯ ಹೆಸರು ಎಲ್ಲ ಶಾಲೆಯ ಪುಸ್ತಕಗಳಲ್ಲಿದೆ. ಮುದ್ದೇಬಿಹಾಳದಿಂದ ದಕ್ಷಿಣಕ್ಕೆ ಕೃಷ್ಣೆಯ ದಂಡೆಯ ತಂಗಡಗಿಯಲ್ಲಿ ನೀಲಾಂಬಿಕೆಯ ನೆಲೆ, ಬಾಗೇವಾಡಿಯಲ್ಲಿ ಬಸವಣ್ಣನ ಜನ್ಮಸ್ಥಳ, ಹತ್ತಿರದಲ್ಲೇ ಇಂಗಳೇಶ್ವರ. ಹೊತ್ತಿದ್ದರೆ ನಿಡಗುಂದಿಯ ಕಡೆ ಇಳಿದು ಆಲಮಟ್ಟಿ ನೋಡಿ ಬರಬಹುದು. 1964ರ ಮೇ ತಿಂಗಳಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದ ಅಣೆಕಟ್ಟೆಗೆ ಅವರದೇ ಹೆಸರಿದೆ.

ಎರಿ, ಕಬ್ಬು, ರಾಶಿ

ಇಲ್ಲಿನ ರಸ್ತೆಗಳ ಸ್ವಭಾವ ಬೇರೆ. ಎರಿ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಅದರ ಮೇಲೆ ಹಾಸಿದ ಡಾಂಬರು ಅಲೆಅಲೆಯಾಗಿ ಏಳುತ್ತದೆ, ಅಂಚು ಮುರಿದು ರಸ್ತೆಗೂ ಪಕ್ಕದ ನೆಲಕ್ಕೂ ಗೇಣುದ್ದ ತಗ್ಗಾಗುತ್ತದೆ. ಎದುರಿಗೆ ಬಸ್ಸು ಬಂದಾಗ ಒಮ್ಮೆಲೇ ಪಕ್ಕಕ್ಕೆ ಇಳಿಸಿ ಮತ್ತೆ ಓರೆಯಾಗಿ ಮೇಲೆ ಹತ್ತಿಸಲು ಹೋದವರೇ ಬೀಳುವುದು. ಇಳಿದದ್ದಾದರೆ ವೇಗ ಪೂರ್ತಿ ತಗ್ಗಿಸಿ, ಅಂಚು ಸಮವಿರುವ ಕಡೆ ನೋಡಿ ಹತ್ತಿಸಿ. ಮಳೆಯ ಮರುದಿನ ಟ್ರ್ಯಾಕ್ಟರಿನ ಗಾಲಿಗಳು ಹೊಲದ ಕೆಸರನ್ನು ಡಾಂಬರಿನ ಮೇಲೆ ತಂದು ಹಾಕಿರುತ್ತವೆ, ಅಲ್ಲಿ ಬ್ರೇಕು ಮುಟ್ಟಲೇಬೇಡಿ. ಹಸಿ ಎರಿಯ ಬಂಡಿದಾರಿಗೆ ಗಾಡಿ ಇಳಿಸಿದರೆ ನೂರು ಮಾರು ಹೋಗುವುದರೊಳಗೆ ಮಡ್‌ಗಾರ್ಡಿನಲ್ಲಿ ಮಣ್ಣು ಕಟ್ಟಿ ಗಾಲಿ ತಿರುಗುವುದು ನಿಲ್ಲುತ್ತದೆ. ಒತ್ತಾಯದಿಂದ ರೇಸ್ ಮಾಡಿದರೆ ಕ್ಲಚ್ ಪ್ಲೇಟು ಸುಡುತ್ತದೆ. ಇಳಿದು ಕಟ್ಟಿಗೆಯಿಂದ ಕೆರೆದು ತೆಗೆಯುವುದೊಂದೇ ದಾರಿ. ಗಾಡಿ ನಿಲ್ಲಿಸುವಾಗ ಸೈಡ್ ಸ್ಟ್ಯಾಂಡಿನ ಕೆಳಗೆ ಚಪ್ಪಟೆ ಕಲ್ಲಿಡಿ.

ಹೊಳೆಗಳ ವಿಷಯ ಇನ್ನೂ ಗಂಭೀರ. ತಾಳಿಕೋಟಿ ಬಳಿ ಹಡಗಿನಾಳದ ಕೆಳಮಟ್ಟದ ಸೇತುವೆ ಡೋಣಿ ಬಂದಾಗ ಮುಳುಗುವುದು ಮಳೆಗಾಲದ ಮಾಮೂಲಿ ಸುದ್ದಿ. ಉಜನಿ ಮತ್ತಿತರ ಕಡೆಯಿಂದ ನೀರು ಬಿಟ್ಟಾಗ ಇಲ್ಲಿ ಹನಿ ಮಳೆ ಇಲ್ಲದಿದ್ದರೂ ಭೀಮೆ ಉಕ್ಕುತ್ತಾಳೆ. 2020ರ ಅಕ್ಟೋಬರಿನಲ್ಲಿ, 2025ರ ಸೆಪ್ಟೆಂಬರಿನಲ್ಲಿ ದಂಡೆಯ ಹಳ್ಳಿಗಳು ಅದನ್ನು ಉಂಡಿವೆ. ಸೇತುವೆಯ ಮೇಲೆ ನೀರು ಹರಿಯುತ್ತಿದ್ದರೆ, ಅದು ಮೊಣಕಾಲಿಗಿಂತ ಕೆಳಗಿದ್ದರೂ, ದಾಟಬಾರದು. ಒಂದು ರಾತ್ರಿ ಈ ದಡದಲ್ಲೇ ಉಳಿಯಿರಿ.

ಅಕ್ಟೋಬರಿನಿಂದ ಫೆಬ್ರುವರಿವರೆಗೆ ಹವೆ ಹಿತವಾಗಿರುತ್ತದೆ. ಆದರೆ ಕಬ್ಬು ನುರಿಸುವ ಕಾಲವೂ ಅದೇ. ಮರಗೂರಿನ ಭೀಮಾಶಂಕರ ಕಾರ್ಖಾನೆಯಂಥ ಕಡೆಗೆ ಎರಡೆರಡು ಟ್ರೇಲರ್ ಎಳೆದುಕೊಂಡು ಹೋಗುವ ಟ್ರ್ಯಾಕ್ಟರುಗಳಿಗೆ ಹಿಂದೆ ದೀಪವಿಲ್ಲ, ಬಹಳಷ್ಟಕ್ಕೆ ರೇಡಿಯಂ ಪಟ್ಟಿಯೂ ಇಲ್ಲ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ ಹದಿನಾರು ಮೀಟರಿಗೂ ಹೆಚ್ಚು ಸಾಗುತ್ತದೆ. ಹಳೆಯ ಗಾಡಿಯ ಮಬ್ಬು ಹೆಡ್‌ಲೈಟಿನಲ್ಲಿ ನಿಂತ ಟ್ರೇಲರ್ ಕಣ್ಣಿಗೆ ಬೀಳುವುದು ಎರಡು ಸೆಕೆಂಡು ಮೊದಲು. ಆದ್ದರಿಂದ ಈ ತಿಂಗಳುಗಳಲ್ಲಿ ಹೊತ್ತು ಮುಳುಗಿದ ಮೇಲೆ ಗಾಡಿ ಓಡಿಸಬೇಡಿ ಎಂದು ಕೈಮುಗಿದು ಹೇಳುತ್ತೇನೆ. ಟ್ರೇಲರಿನ ಮಾಲೀಕರು ಒಂದು ಕೆಂಪು ಪಟ್ಟಿ ಅಂಟಿಸಿದರೆ ಎಷ್ಟೋ ಮನೆಗಳ ದೀಪ ಉಳಿಯುತ್ತದೆ.

ರಸ್ತೆಯ ಮೇಲೆಯೇ ತೊಗರಿ, ಸಜ್ಜೆ, ಜೋಳದ ರಾಶಿ ಮಾಡುವುದೂ ಸುಗ್ಗಿಯಲ್ಲಿ ಇದ್ದದ್ದೇ. ಒಣಕಟ್ಟಿಗೆಯ ಮೇಲೆ ಟೈರು ಜಾರುತ್ತದೆ. ವೇಗ ಮೊದಲೇ ಇಳಿಸಿ ಹ್ಯಾಂಡಲ್ ನೇರ ಹಿಡಿದು ದಾಟಿ. ರಾಶಿ ಎತ್ತಿದ ಮೇಲೂ ಸುತ್ತ ಇಟ್ಟಿದ್ದ ಕಲ್ಲುಗಳು ಅಲ್ಲೇ ಉಳಿದಿರುತ್ತವೆ. ಅವು ರಾಶಿಗಿಂತ ಹೆಚ್ಚು ಅಪಾಯ.

ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಬೆಳಗಾಗುವ ಹೊತ್ತಿಗೆ ಹೊರಟು ಹನ್ನೊಂದಕ್ಕೆ ನಿಲ್ಲಿಸಿ, ನಾಲ್ಕರ ಮೇಲೆ ಮತ್ತೆ ಹೊರಡಿ. ತಾಸಿಗೊಮ್ಮೆ ಇಳಿದು ಹತ್ತು ನಿಮಿಷ ಅಡ್ಡಾಡಿ. ಎಂಜಿನ್ನಿಗಿಂತ ಸೊಂಟಕ್ಕೂ ಕಣ್ಣಿಗೂ ಆ ವಿಶ್ರಾಂತಿ ಬೇಕು. ಬಾಯಾರುವ ಮೊದಲೇ ನೀರು ಕುಡಿಯಿರಿ, ಒಂದು ಬಾಟಲಿಯಲ್ಲಿ ಲಿಂಬೆ, ಉಪ್ಪು, ಸಕ್ಕರೆಯ ಪಾನಕ ಇರಲಿ. ದಾರಿಯೂಟಕ್ಕೆ ನಮ್ಮ ಕಟಕ ರೊಟ್ಟಿ, ಶೇಂಗಾ ಹಿಂಡಿ, ಶೇಂಗಾ ಹೋಳಿಗೆಯನ್ನು ಮೀರಿಸಿದ್ದು ಇಲ್ಲ. ನಾಲ್ಕು ದಿನ ಕೆಡುವುದಿಲ್ಲ, ಹೊಟ್ಟೆ ಭಾರವಾಗಿ ತೂಕಡಿಕೆ ಬರುವಂತೆಯೂ ಮಾಡುವುದಿಲ್ಲ. ಖಾನಾವಳಿಯಲ್ಲಿ ಹೊಟ್ಟೆ ಬಿರಿಯುವಷ್ಟು ಉಂಡು ಕೂಡಲೇ ಗಾಡಿ ಹತ್ತುವುದು ಬೇಡ.

ಶ್ರೀಶೈಲಕ್ಕೆ ಹೋಗುವವರು ನಲ್ಲಮಲ ಕಾಡಿನ ದಾರಿಯಲ್ಲಿ ಸಾಮಾನ್ಯವಾಗಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಬಿಡುವುದಿಲ್ಲ ಎಂಬುದನ್ನು ನೋಡಿಕೊಂಡು ಹೊರಡಬೇಕು. ಆ ಘಾಟಿನಲ್ಲಿ ಡ್ರಮ್ ಬ್ರೇಕನ್ನು ಹಿಡಿದೇ ಇಳಿದರೆ ಅದು ಕಾದು ಹಿಡಿತ ಬಿಡುತ್ತದೆ. ಎರಡನೇ ಗೇರಿನಲ್ಲಿ ಇಳಿಯಿರಿ. ಮೈಸೂರಿನ ಕಡೆ ಹೊರಟವರಿಗೆ ಇನ್ನೊಂದು ವಿಷಯ: ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ಬೈಕ್‌ಗಳಿಗೆ ಪ್ರವೇಶವಿಲ್ಲ, ಸರ್ವೀಸ್ ರಸ್ತೆಯಲ್ಲೇ ಹೋಗಬೇಕು.

ಅಪ್ಪನ ಗಾಡಿಯ ಕಾಗದ

ಗಾಡಿಯನ್ನು ಮಾರದೆ ಇಟ್ಟುಕೊಂಡವರು ಹೆಚ್ಚಾಗಿ ಎಡವುವುದು ಕಾಗದಗಳಲ್ಲಿ. ಆರ್‌ಸಿಗೆ ಹದಿನೈದು ವರ್ಷ ಆಯುಷ್ಯ, ಆಮೇಲೆ ಐದೈದು ವರ್ಷಕ್ಕೆ ನವೀಕರಿಸಬೇಕು. ತಂದೆ ತೀರಿಕೊಂಡ ಮೇಲೂ ಗಾಡಿ ಅವರ ಹೆಸರಿನಲ್ಲೇ ಓಡುತ್ತಿರುವ ಮನೆಗಳು ಎಷ್ಟೋ ಇವೆ. ಕಾನೂನಿನ ಪ್ರಕಾರ ಮೂವತ್ತು ದಿನದೊಳಗೆ ಆರ್‌ಟಿಒಗೆ ಸಾವಿನ ವಿಷಯ ತಿಳಿಸಬೇಕು, ಮೂರು ತಿಂಗಳೊಳಗೆ ಫಾರ್ಮ್ 31 ಕೊಟ್ಟು ವಾರಸುದಾರರ ಹೆಸರಿಗೆ ಮಾಡಿಸಿಕೊಳ್ಳಬೇಕು. ಇದನ್ನು ಮುಂದೂಡಿದರೆ ಅಪಘಾತವಾದ ದಿನ ವಿಮೆಯ ಹಣಕ್ಕೆ ಅಲೆದಾಟ ತಪ್ಪುವುದಿಲ್ಲ. ಅಪ್ಪನ ನೆನಪಿಗೆ ಗಾಡಿ ಉಳಿಸಿಕೊಂಡವರು ಮಾಡಬೇಕಾದ ಮೊದಲ ಕೆಲಸವೇ ಇದು. ಲೈಸೆನ್ಸ್, ವಿಮೆ, ಹೊಗೆ ತಪಾಸಣೆ ಪತ್ರಗಳನ್ನು ಮೊಬೈಲಿನ ಡಿಜಿಲಾಕರ್‌ನಲ್ಲಿ ಇಟ್ಟುಕೊಂಡರೆ ಮಹಾರಾಷ್ಟ್ರ, ತೆಲಂಗಾಣ, ಆಂಧ್ರದಲ್ಲೂ ನಡೆಯುತ್ತದೆ. ತುರ್ತಿಗೆ 112, ಆಂಬುಲೆನ್ಸಿಗೆ 108, ರಾಷ್ಟ್ರೀಯ ಹೆದ್ದಾರಿಯಲ್ಲಿ 1033.

ಗಾಡಿಯನ್ನು ಎಷ್ಟು ಪ್ರೀತಿಸಿದರೂ ಕೆಲವನ್ನು ದೂರಕ್ಕೆ ಒಯ್ಯಲೇಬಾರದು. ಚಾಸಿಗೆ ವೆಲ್ಡಿಂಗ್ ಆಗಿದ್ದರೆ, ಮುಂದಿನ ಫೋರ್ಕು ಬಾಗಿ ಹ್ಯಾಂಡಲ್ ಒಂದು ಕಡೆ ಎಳೆಯುತ್ತಿದ್ದರೆ, ಸೈಲೆನ್ಸರಿನಿಂದ ನೀಲಿ ಹೊಗೆ ಬಂದು ಫೋರ್ ಸ್ಟ್ರೋಕ್ ಎಂಜಿನ್ ಆಯಿಲು ಕುಡಿಯುತ್ತಿದ್ದರೆ ಅದು ಹೊಲಕ್ಕೂ ಹಾಲಿನ ಡೇರಿಗೂ ಹೋಗಿ ಬರಲಿ. ಎಂಜಿನ್ ಕೆಲಸ ಮಾಡಿಸಲು ದುಡ್ಡಾದಾಗ ಮಾಡಿಸಿ. ಅಲ್ಲಿಯವರೆಗೆ ತುಳಜಾಪುರಕ್ಕೆ ಬಸ್ಸಿದೆ.

ಜಾತ್ರೆಗೆ ಹೊರಡುವವರು ಹಿಂದಿನ ದಿನ ಸಂಜೆ ಗಾಡಿಯನ್ನು ಗ್ಯಾರೇಜಿಗೆ ತಂದು ನಿಲ್ಲಿಸಬೇಡಿ. ಆ ವಾರ ಮಿಸ್ತ್ರಿಗೆ ಊಟಕ್ಕೂ ಬಿಡುವಿರುವುದಿಲ್ಲ, ಅವಸರದಲ್ಲಿ ಬಿಗಿದ ನಟ್ಟು ದಾರಿಯಲ್ಲಿ ಬಿಚ್ಚುತ್ತದೆ. ಹದಿನೈದು ದಿನ ಮೊದಲೇ ಬಿಡಿ, ಹೊಸ ಭಾಗ ಹಾಕಿಸಿದ ಮೇಲೆ ನೂರು ಕಿ.ಮೀ. ಓಡಿಸಿ ಮತ್ತೊಮ್ಮೆ ತೋರಿಸಿ. ಹೋಗುವಾಗ ಐಎಸ್‌ಐ ಗುರುತಿನ ಹೆಲ್ಮೆಟ್ ಎರಡು ಕೊಳ್ಳಿರಿ: ಒಂದು ನಿಮಗೆ, ಇನ್ನೊಂದು ಹಿಂದೆ ಕೂರುವವರಿಗೆ.